ವಸ್ತಾದರ ಮನೆಯ ತುಪ್ಪ

ದಿನಾ ಐದು ಮಂದಿ ಪೈಲ್ವಾನರು ಪಂಕ್ತಿಗೆ ಕೂಡುವ ಮನೆಯಲ್ಲಿ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ಅದಕ್ಕೆ ಯಾರೂ ಮುಹೂರ್ತ ಇಡಬೇಕಾಗಿಲ್ಲ, ಒಲೆ ಹೊತ್ತಿದರೆ ಸಾಕು.

ನಾನು ಬೆಟಗೇರಿಯ ಈ ಮನೆಗೆ ಸೊಸೆಯಾಗಿ ಬಂದದ್ದು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ. ಓಣಿಯ ಎರಡೂ ಬದಿಯ ಮನೆಗಳಿಂದ ಮಗ್ಗದ ಸಪ್ಪಳ ಬರುತ್ತಿತ್ತು. ನಮ್ಮ ಮನೆಯ ಹಿತ್ತಲಿನಿಂದ ಮಾತ್ರ ತೊಡೆ ತಟ್ಟುವ ಸಪ್ಪಳ. ನಮ್ಮನೆಯವರು ಗರಡಿಯ ವಸ್ತಾದರು, ಅಂದರೆ ಕುಸ್ತಿ ಕಲಿಸುವವರು. ಬೇರೆ ಬೇರೆ ಹಳ್ಳಿಗಳಿಂದ ಬಂದ ಐವರು ಪೈಲ್ವಾನರು ಅವರ ಹತ್ತಿರ ಸಾಮು ಮಾಡುತ್ತಿದ್ದರು, ನಮ್ಮಲ್ಲೇ ಉಣ್ಣುತ್ತಿದ್ದರು. ಗರಡಿಯೊಳಗೆ ಹೆಣ್ಣುಮಕ್ಕಳು ಕಾಲಿಡುವ ಪದ್ಧತಿ ಇರಲಿಲ್ಲ. ಹೀಗಾಗಿ ಯಾರು ಯಾರನ್ನು ಕೆಡವಿದರು ಎಂಬುದು ನನಗೆ ಅಷ್ಟಾಗಿ ತಿಳಿಯದು. ಯಾರು ಎಷ್ಟು ಉಂಡರು ಎಂಬುದನ್ನು ಇವತ್ತಿಗೂ ತಪ್ಪಿಲ್ಲದೆ ಹೇಳಬಲ್ಲೆ.

ನಮ್ಮನೆಯವರ ಶಾಸ್ತ್ರದಲ್ಲಿ ಇದ್ದದ್ದು ಒಂದೇ ಔಷಧ. ನೆಗಡಿಗೆ ತುಪ್ಪ, ಉಳುಕಿಗೆ ತುಪ್ಪ, ಸೋತು ಬಂದವನಿಗೆ ತುಪ್ಪ, ಗೆದ್ದು ಬಂದವನಿಗೆ ಇನ್ನೊಂದು ಸೌಟು ತುಪ್ಪ. ಇದು ಎಲ್ಲಿಂದ ಬಂತು ಎಂದು ಒಮ್ಮೆ ನಮ್ಮತ್ತಿಯನ್ನು ಕೇಳಿದೆ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸದೆಯೇ ಹೇಳಿದರು:

"ಹುಟ್ಟಿದ ದಿನ ಇಂವಗ ಜೇನುತುಪ್ಪ ನೆಕ್ಕಿಸಿದ್ದೆ ನೋಡವಾ. ಜೇನು ಮರತಾನ, ತುಪ್ಪ ಅಷ್ಟ ನೆನಪಿಟ್ಟಾನ."

ಸಾಕು ಅನ್ನದವರು

ಮದುವೆಯಾಗಿ ಬಂದ ಮೂರನೆಯ ದಿನ ಅತ್ತೆ ನನ್ನ ಕೈಗೆ ತುಪ್ಪದ ತಂಬಿಗೆ ಕೊಟ್ಟರು. "ಪೈಲ್ವಾನರಿಗೆ ನೀಡು ಹೋಗು. ಸಾಕು ಅನ್ನೂತನಕ ಹಾಕು," ಅಂದರು. ತವರಿನಲ್ಲಿ ನಾವು ತುಪ್ಪವನ್ನು ಚಮಚದ ತುದಿಯಲ್ಲಿ ಕಂಡವರು. ಇರಲಿ, ದೊಡ್ಡ ಮನೆತನ, ಕೈ ಬಿಗಿ ಹಿಡಿದರೆ ಅತ್ತೆ ಏನೆಂದಾರು ಎಂದುಕೊಂಡು ಪಡಸಾಲೆಗೆ ಹೋದೆ.

ಮೊದಲು ಕೂತವನು ಹಮ್ಮಿಗಿಯವನು. ಹೊಳೆದಂಡೆಯ ಊರಿನ ಹುಡುಗ, ಎತ್ತಿನಂಥ ಹೆಗಲು, ಕೂಸಿನಂಥ ಮುಖ. ಅವನ ಗಂಗಾಳದ ತುಂಬ ಹುಗ್ಗಿ ಇತ್ತು. ಅದರ ಮೇಲೆ ತುಪ್ಪ ಬಿಡತೊಡಗಿದೆ. ಅವನು ತಲೆ ಬಗ್ಗಿಸಿ ಕೂತಿದ್ದ. ಬಿಡುತ್ತಾ ಹೋದೆ. ಹುಗ್ಗಿ ಮುಳುಗಿತು. ಅವನು ಉಸಿರೆತ್ತಲಿಲ್ಲ. ತುಪ್ಪ ಗಂಗಾಳದ ಅಂಚಿಗೆ ಬಂತು, ಅಂಚು ದಾಟಿ ನೆಲಕ್ಕಿಳಿಯಿತು. ಆಗಲೂ ಅವನು ಸುಮ್ಮನೆ ನೋಡುತ್ತಿದ್ದ. ತಂಬಿಗೆ ಬರಿದಾಯಿತು. ಉಳಿದ ನಾಲ್ವರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು. ನನಗೆ ಅಳು ಬಂತು. ಒಳಗೆ ಓಡಿದೆ.

ಅತ್ತೆ ಹೊರಗೆ ಬಂದು ನೆಲದ ಮೇಲಿನ ತುಪ್ಪ ನೋಡಿದರು, ಹಮ್ಮಿಗಿಯವನನ್ನು ನೋಡಿದರು.

"ಯಾಕೋ ತಮ್ಮಾ, ಬಾಯಾಗ ನಾಲಿಗಿ ಇಲ್ಲೇನು? ಸಾಕು ಅನ್ನಾಕ ಬರಂಗಿಲ್ಲ?"

"ದೊಡ್ಡವ್ವಾರ, ಬಂದ ದಿವಸ ವಸ್ತಾದರು ಆಣಿ ಹಾಕಸ್ಯಾರ್ರಿ. ಸಾಕು ಅಂದಂವನ್ನ ಗರಡಿ ಬಿಡಸ್ತೀನಿ ಅಂದಾರ."

"ಅದು ದಂಡ ಬಸ್ಕಿ ಹೊಡಿಯೂ ಮುಂದಿನ ಮಾತಲೇ!"

ಅವನು ಕೈ ಜೋಡಿಸಿ ಹೇಳಿದ: "ಹಂಗಾರ ಊಟದಾಗ ಸಾಕು ಅನ್ನಬೌದು ಅಂತ ವಸ್ತಾದರ ಕಡಿಂದ ಒಂದು ಮಾತು ಕೇಳಿಸಿಬಿಡ್ರಿ ಅವ್ವಾರ. ಅಲ್ಲೀತನಕ ಅಕ್ಕಾರು ಹಾಕಿದ್ದು ಹಾಕಿಧಂಗ ಉಣ್ತೀನಿ."

ನಾಕಾ

ನಮಗೆ ತುಪ್ಪ ಬರುತ್ತಿದ್ದದ್ದು ಶಿರಹಟ್ಟಿ ಸೀಮೆಯ ಮಾಗಡಿಯಿಂದ. ಆ ಊರಿನ ಕೆರೆಗೆ ಚಳಿಗಾಲದಲ್ಲಿ ಎಲ್ಲೆಲ್ಲಿಯವೋ ಹಕ್ಕಿಗಳು ಬರುತ್ತವೆ. ನಮ್ಮನೆಯವರಿಗೆ ಹಕ್ಕಿಯ ಖಬರು ಇರಲಿಲ್ಲ, ಕೆರೆಯ ಸುತ್ತ ಮೇಯುವ ಎಮ್ಮೆಗಳು ಮಾತ್ರ ಅವರ ಕಣ್ಣಿಗೆ ಬೀಳುತ್ತಿದ್ದವು. ತೊಂದರೆ ಏನೆಂದರೆ, ಶಿರಹಟ್ಟಿ ಸೀಮೆ ಆಗಿನ್ನೂ ಸಂಸ್ಥಾನದ ರಾಜರದ್ದು, ಗದಗ ಮುಂಬಯಿ ಸರಕಾರದ್ದು. ನಡುವೆ ಸಂಸ್ಥಾನದವರ ಒಂದು ನಾಕಾ, ಅಂದರೆ ತಪಾಸಣೆಯ ಕಟ್ಟೆ. ಕಾಳುಕಡಿ, ಎಣ್ಣೆ, ತುಪ್ಪ ಯಾವುದನ್ನೂ ಪರವಾನಗಿ ಇಲ್ಲದೆ ಆಚೆಯಿಂದ ಈಚೆಗೆ ಬಿಡುತ್ತಿರಲಿಲ್ಲ. ತುಟ್ಟಿಯ ಕಾಲ ಅದು.

ನಾನು ಬಂದ ಮೊದಲ ಬೇಸಿಗೆಯಲ್ಲಿ ಹಮ್ಮಿಗಿಯವನನ್ನು ತುಪ್ಪ ತರಲು ಕಳಿಸಿದರು. ಅವನು ತಂಬಿಗೆಯ ತುಂಬ ತುಪ್ಪ ಹೊತ್ತು ಬಿಸಿಲಲ್ಲಿ ನಡೆದು ಬರುವಾಗ ನಾಕಾದವನು ಅಡ್ಡ ನಿಂತ. ಮುಂದೆ ನಡೆದದ್ದನ್ನು ಹಮ್ಮಿಗಿಯವನೇ ನಮ್ಮ ಪಡಸಾಲೆಯಲ್ಲಿ ಕೂತು ಹೇಳಿದ.

"ತುಪ್ಪ ಈ ಕಟ್ಟಿ ದಾಟೂ ಹಂಗಿಲ್ಲ," ಅಂದನಂತೆ ನಾಕಾದವನು.

"ನಾನು ದಾಟಬೌದೇನ್ರಿ?"

"ನೀನು ದಾಟು. ನಿನಗ ಯಾರ ಬ್ಯಾಡಂದಾರ?"

ಹಮ್ಮಿಗಿಯವನು ಅಲ್ಲೇ ಬೇವಿನ ಮರದ ಕೆಳಗೆ ಕೂತ. ಬಿಸಿಲಿಗೆ ತುಪ್ಪ ನೀರಾಗಿತ್ತು. ತಂಬಿಗೆ ಎತ್ತಿ ಗಟಗಟ ಕುಡಿದ. ತಳ ತೋರಿಸಿ, ತಂಬಿಗೆಯನ್ನು ಬೋರಲು ಹಾಕಿ, ಕಟ್ಟೆ ದಾಟಿ ಈಚೆ ಬಂದ. ನಾಕಾದವನಿಗೆ ಯಾವ ಕಾನೂನು ಹಚ್ಚಬೇಕೋ ತಿಳಿಯಲಿಲ್ಲವಂತೆ.

ಮನೆಗೆ ಬಂದಾಗ ನಮ್ಮನೆಯವರು ಬಾಗಿಲಲ್ಲೇ ಕೇಳಿದರು, "ತುಪ್ಪ ಎಲ್ಲೈತಿ?"

ಅವನು ಹೊಟ್ಟೆ ಸವರಿಕೊಂಡ. "ತಂದೇನ್ರಿ ವಸ್ತಾದರ. ಒಂದು ಹನಿ ಅವರಿಗೆ ಬಿಟ್ಟುಕೊಟ್ಟಿಲ್ಲ."

ನಮ್ಮನೆಯವರಿಗೆ ಸಿಟ್ಟು ಬರುವ ಬದಲು ಎದೆಯುಬ್ಬಿ ಬಂತು. ಸರಕಾರವನ್ನೇ ಚಿತ್ತು ಮಾಡಿದ ಎಂದು ಓಣಿಗೆಲ್ಲ ಹೇಳಿಕೊಂಡು ಬಂದರು. ಒಂದು ತಂಬಿಗೆ ತುಪ್ಪ ಒಬ್ಬನ ಮೈಗೆ ಒಮ್ಮೆಲೇ ಹೋಗಿದೆ, ಇನ್ನು ಎರಡೇ ದಿನದಲ್ಲಿ ಅವನ ರಟ್ಟೆ ನೋಡಿರಿ ಅಂದರು. ಎರಡು ದಿನ ನೋಡಿದೆವು. ರಟ್ಟೆ ಇದ್ದಂತೆಯೇ ಇತ್ತು. ಮುಖ ಮಾತ್ರ ಸುಣ್ಣದ ಬಣ್ಣಕ್ಕೆ ತಿರುಗಿತ್ತು.

ಗುಟ್ಟು ಬಯಲಾದದ್ದು ಮುಂದಿನ ವಾರ. ನಾಕಾದವನಿಗೂ ಕುಸ್ತಿಯ ಹುಚ್ಚು. ಈ ಗರಡಿ ಯಾವುದೆಂದು ನೋಡಲು ಬಿಡುವಿನ ದಿನ ಬೆಟಗೇರಿಗೇ ಬಂದ. ನಮ್ಮನೆಯವರು ಅವನನ್ನು ಕೂಡಿಸಿ, ಮೀಸೆ ತಿರುವಿ, "ಹೆಂಗ, ನಮ್ಮ ಹುಡುಗ ನಿಮ್ಮ ಸಂಸ್ಥಾನದ ತುಪ್ಪ ಹೊಡಕೊಂಡು ಬಂದ ನೋಡ್ರಿ," ಅಂದರು.

ಅವನು ಚಹಾ ಕುಡಿಯುತ್ತಲೇ ತಲೆ ಅಲ್ಲಾಡಿಸಿದ.

"ಇಲ್ರಿ ವಸ್ತಾದರ. ನಿಮ್ಮ ಕಡೆ ಹತ್ತು ಮಾರು ಹೋದಂವ ಹೊಟ್ಟಿ ಹಿಡಕೊಂಡು ಓಡಿ ಬಂದು ನಮ್ಮ ಕಡೆ ಹೊಲದಾಗ ಕುಂತ. ಆಮ್ಯಾಲೆ ಇನ್ನೂ ಎರಡು ಸಲ ಬಂದ. ನಾನು ಕಣ್ಣಾರೆ ನೋಡೇನಿ. ತುಪ್ಪ ಎಲ್ಲಾ ನಮ್ಮ ಸಂಸ್ಥಾನದಾಗ ಐತ್ರಿ."

ಎಮ್ಮೆಯ ಕುಲಗೋತ್ರ

ಸಂಸ್ಥಾನಗಳು ಹೋದವು, ನಾಕಾ ಹೋಯಿತು. ಆ ವರ್ಷ ಒಂದು ದಿನ ಲಕ್ಷ್ಮೇಶ್ವರದ ವಸ್ತಾದರು ನಮ್ಮ ಮನೆಗೆ ಊಟಕ್ಕೆ ಬಂದರು. ಅವರೂ ನಮ್ಮನೆಯವರೂ ಪ್ರಾಯದಲ್ಲಿ ಮೂರು ಸಲ ಕುಸ್ತಿ ಹಿಡಿದು ಮೂರು ಸಲವೂ ಸರಿಸಮ ಆದವರು. ಕಣದಲ್ಲಿ ತೀರದ ಹಟ ಆಮೇಲೆ ಮಾತಿಗೆ ಇಳಿದಿತ್ತು.

ಅವರು ಬರುವ ಖಬರು ತಡವಾಗಿ ಬಂತು. ಹೋಳಿಗೆ ಮಾಡಿದೆವು. ತುಪ್ಪದ ಗಡಿಗೆ ನೋಡಿದರೆ ತಳ ಕಾಣುತ್ತಿದೆ. ಮಾಗಡಿಗೆ ಯಾರನ್ನಾದರೂ ಓಡಿಸುವಷ್ಟು ಹೊತ್ತಿರಲಿಲ್ಲ. ನಾನು ಗಾಬರಿಯಾದೆ. ಅತ್ತೆ ಮಾತ್ರ ನೆಮ್ಮದಿಯಿಂದ ಓಣಿಯ ಅಂಗಡಿಗೆ ಹೋಗಿ ಒಂದು ಡಬ್ಬಿ ವನಸ್ಪತಿ ತಂದರು. ಆಗ ಅದು ಹೊಸದು. ಪಟ್ಟಣದವರು ತಿನ್ನುತ್ತಾರೆ, ಎಣ್ಣೆಯನ್ನೇ ತುಪ್ಪದ ಹಾಗೆ ಗಟ್ಟಿ ಮಾಡಿ ಡಬ್ಬಿಗೆ ತುಂಬುತ್ತಾರೆ ಎಂದು ಕೇಳಿದ್ದೆವು. ಅತ್ತೆ ಗಡಿಗೆಯ ತಳದ ತುಪ್ಪವನ್ನು ಕೆರೆದು ಅದಕ್ಕೆ ಕಲೆಸಿ, ಎರಡು ವೀಳ್ಯದೆಲೆ ಹಾಕಿ ಕಾಸಿದರು. ಮನೆಯೆಲ್ಲ ಘಮಘಮ.

ಲಕ್ಷ್ಮೇಶ್ವರದವರು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡು, ಮೂಸಿ, ಕಣ್ಣು ಮುಚ್ಚಿದರು.

"ಹತ್ತಿಕಾಳು ತಿಂದ ಎಮ್ಮಿದು," ಅಂದರು.

ನಮ್ಮನೆಯವರು ಒಂದು ತುತ್ತು ಬಾಯಿಗೆ ಹಾಕಿಕೊಂಡು ನಕ್ಕರು. "ಹತ್ತಿಕಾಳಲ್ಲ. ಹಸರ ಮೇವು. ಕೆರಿ ದಂಡಿ ಹುಲ್ಲು."

"ಹಸರ ಮೇವಿಂದು ಹಳದಿ ಇರತೈತಿ. ಇದು ಬೆಳ್ಳಗೈತಿ. ಎಮ್ಮಿ ಮದಲನೇ ಸೂಲಿಂದು."

"ಎರಡನೇ ಸೂಲು. ಮದಲನೇದಕ್ಕ ಇಷ್ಟು ಜಿಡ್ಡು ಎಲ್ಲಿಂದ ಬರಬೇಕು? ಜಿಡ್ಡು ನೋಡ್ರಿ, ನೇರ ತೊಡಿಗೆ ಇಳೀತೈತಿ."

"ತೊಡಿಗಲ್ಲ, ಎದಿಗೆ."

ಮಾತು ಏರಿತು. ಕೈಯಲ್ಲಿ ಹೋಳಿಗೆ ಹಿಡಿದೇ ಇಬ್ಬರೂ ಮಂಡಿಯ ಮೇಲೆ ಕೂತರು. ಪೈಲ್ವಾನರು ಉಣ್ಣುವುದು ಬಿಟ್ಟು ಯಾರ ಪಟ್ಟು ಬೀಳುತ್ತದೆಂದು ನೋಡತೊಡಗಿದರು. ಕೊನೆಗೆ ಲಕ್ಷ್ಮೇಶ್ವರದವರು ಎದ್ದೇ ನಿಂತರು: "ಎಮ್ಮಿ ತೋರಸ್ರಿ. ಕೋಡು ನೋಡಿ ಹೇಳತೀನಿ."

ನಮ್ಮತ್ತಿ ಒಳಗೆ ಹೋದರು. ಅವರು ಖಾಲಿ ಡಬ್ಬಿ ತಂದು ಇಬ್ಬರ ನಡುವೆ ಇಟ್ಟರು.

"ಇಕಾ, ಇದ ಎಮ್ಮಿ. ಕೋಡು ಇಲ್ಲ. ಇದರ ಕರಾ ನೋಡಬೇಕಂದ್ರ ಮೂಲಿ ಅಂಗಡ್ಯಾಗ ಸಾಲಾಗಿ ನಿಂತಾವ, ಕೈ ತೊಳಕೊಂಡು ಹೋಗಿ ಬರ್ರಿ."

ಶೇಂಗಾ

ಗದಗಿನ ಒಂದು ಕಚೇರಿಯ ಗುಮಾಸ್ತರು ಸಂಜೆ ಗರಡಿಗೆ ಬರುತ್ತಿದ್ದರು. ಕುಸ್ತಿಗಲ್ಲ, ಮೈಕಟ್ಟು ಬೆಳೆಸಲಿಕ್ಕೆ. ಯಾವುದೋ ಪತ್ರಿಕೆಯಲ್ಲಿ ಪರದೇಶದ ಒಬ್ಬನ ಚಿತ್ರ ನೋಡಿದ್ದರು. ಅವನ ಹೊಟ್ಟೆಯ ಮೇಲೆ ಇಟ್ಟಿಗೆ ಜೋಡಿಸಿದ ಹಾಗೆ ಗೆರೆ ಇದ್ದವಂತೆ. ಅಂಥ ಗೆರೆ ಮೂಡಬೇಕಾದರೆ ಜಿಡ್ಡನ್ನೇ ಮುಟ್ಟಬಾರದು ಎಂದು ಅವರು ತೀರ್ಮಾನ ಮಾಡಿದ್ದರು. ನಮ್ಮನೆಯವರು ತುಪ್ಪದ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹಬ್ಬದ ದಿನ ಊಟಕ್ಕೆ ಕರೆದಾಗಲೂ ಒಗ್ಗರಣೆ ಇಲ್ಲದ ಪಲ್ಯ, ಒಣ ರೊಟ್ಟಿ.

"ಎಣ್ಣಿ ಒಂದು ಹನಿನೂ ಬ್ಯಾಡ್ರಿ. ಆರು ತಿಂಗಳಾತು, ನಾ ಎಣ್ಣಿ ಮುಖಾನ ನೋಡಿಲ್ಲ."

"ಮತ್ತ ಹೊಟ್ಟಿ ಯಾಕ ಹಂಗ ಐತಪಾ?" ಎಂದು ಅತ್ತೆ ನೇರವಾಗಿ ಕೇಳಿದರು. ಗೆರೆ ಇರಲಿ, ಅವರ ಹೊಟ್ಟೆ ಆರು ತಿಂಗಳಲ್ಲಿ ಇನ್ನಷ್ಟು ಗುಂಡಗಾಗಿತ್ತು.

"ಅದ ನನಗೂ ತಿಳಿವಲ್ದು ನೋಡ್ರಿ," ಎಂದು ಅವರು ನಿಜವಾಗಿಯೂ ದುಃಖದಿಂದ ಹೇಳಿ, ಕಿಸೆಗೆ ಕೈ ಹಾಕಿ ಹುರಿದ ಶೇಂಗಾ ತೆಗೆದು ಬಾಯಿಗೆ ಹಾಕಿಕೊಂಡರು. ಆಗ ಗಮನಿಸಿದೆವು, ಎರಡೂ ಕಿಸೆ ಉಬ್ಬಿದ್ದವು. ಹಸಿವಾದಾಗಲೆಲ್ಲ ಅದೇ ಅಂತೆ. ಬೆಳಿಗ್ಗೆ ಒಂದು ಬೊಗಸೆ, ಕಚೇರಿಯಲ್ಲಿ ಎರಡು, ಸಾಮು ಮಾಡಿದ ಮೇಲೆ ಒಂದು.

ಅತ್ತೆ ಅವರ ಕಿಸೆಯನ್ನೂ ಹೊಟ್ಟೆಯನ್ನೂ ಸಾವಕಾಶ ನೋಡಿ ಕೇಳಿದರು:

"ಅಲ್ಲಪಾ, ಊರ ತುಂಬ ಎಣ್ಣಿ ಗಾಣ ಅದಾವಲ್ಲ, ಅವರು ಅದರಾಗ ಏನು ಹಾಕಿ ಹಿಂಡತಾರ ಅಂತ ತಿಳಿದಿ?"

ಒಂದು ಬಟ್ಟಲು

ಇದು ನಾನು ಗಂಡನಿಗೆ ಹೇಳಿದ ಒಂದೇ ಸುಳ್ಳಿನ ಕಥೆ. ಒಂದೇ ಸುಳ್ಳಾದರೂ ವರ್ಷಕ್ಕೂ ಮೀರಿ ದಿನಾ ಹೇಳಿದೆ.

ಹಮ್ಮಿಗಿಯವನಿಗೆ ಹೊಟ್ಟೆ ಬಂತು. ನಮ್ಮನೆಯವರು ಅವನಿಗೆ ದಿನಕ್ಕೆರಡು ಬಟ್ಟಲು ತುಪ್ಪ ಕುಡಿಸುತ್ತಿದ್ದರು. ಮುಂಡರಗಿಯಲ್ಲಿ ಅಲ್ಲಿಯದೇ ಪೈಲ್ವಾನನ ಜೊತೆ ಅವನ ಜೋಡಿ ಕಟ್ಟಿದ್ದರು. ಕುಸ್ತಿಗೆ ನಾಲ್ಕು ತಿಂಗಳಿತ್ತು. ಬೆಟಗೇರಿಯಿಂದ ಗದಗಿನ ತನಕ ನಡೆದರೆ ಅವನಿಗೆ ಏದುಸಿರು ಬರುತ್ತಿತ್ತು. ಒಬ್ಬ ಡಾಕ್ಟರು ನೋಡಿ ಹೇಳಿದರು:

"ಎಣ್ಣಿ ತುಪ್ಪ ಮೈಗೆ ಬೇಕ, ಬ್ಯಾಡನ್ನೂದಿಲ್ಲ. ಆದರ ಅದು ಒಲಿಗೆ ಇಡೂ ಕಟಗಿ ಇದ್ಧಂಗ. ಹದಕ್ಕ ಇಟ್ರ ಉರಿ, ತುರುಕಿದ್ರ ಹೊಗಿ. ದಿನಕ್ಕ ಎರಡು ಚಮಚ ಸಾಕು. ಮೈ ಕಟ್ಟೂದು ಬ್ಯಾಳಿ, ಕಾಳು, ಹಾಲು."

ನಮ್ಮನೆಯವರು ದಾರಿಯುದ್ದಕ್ಕೂ ಕುದಿಯುತ್ತ ಬಂದರು. "ಡಾಕ್ಟರ ತೋಳು ನೋಡೀಯೇನು? ನನ್ನ ಹೆಬ್ಬಟ್ಟಿನಷ್ಟ ಐತಿ. ಅವರ ಮಾತು ಕೇಳಬೇಕಂತ ನಾವು!" ಮಾರನೆಯ ದಿನದಿಂದ ಮೂರು ಬಟ್ಟಲು.

ಒಂದು ಮಧ್ಯಾಹ್ನ ಹಮ್ಮಿಗಿಯವನು ಅಡುಗೆಮನೆಯ ಹೊಸ್ತಿಲ ಹೊರಗೆ ಬಂದು ನಿಂತ. ಕಣ್ಣು ಕೆಂಪಾಗಿದ್ದವು.

"ಅಕ್ಕಾರ, ನಾ ನಿಂತಲ್ಲೇ ನನ್ನ ಕಾಲು ನೋಡಿ ಎರಡು ತಿಂಗಳಾತ್ರಿ."

ನನಗೆ ನಗು ಬರುವುದರಲ್ಲಿತ್ತು. ಅವನ ಮುಖ ನೋಡಿ ನಗು ಒಳಗೇ ಉಳಿಯಿತು.

"ನಮ್ಮಪ್ಪ ಮಾತು ಆಡ್ಯಾನ್ರಿ. ಈ ಸಲ ಬಿದ್ರ ಊರಿಗೆ ಬಂದು ನೇಗಲಾ ಹಿಡಿ ಅಂತ. ನೇಗಲಾ ಹಿಡಿಯಾಕ ನಂದೇನೂ ನಾಚಿಕಿ ಇಲ್ರಿ. ಆದರ ಸೋತು ಹೋಗಿ ಹಿಡಿಯೂದು ಬ್ಯಾಡ ಅನಸ್ತೈತಿ. ಹಮ್ಮಿಗಿ ಊರಿಗೆ ಊರ ಕುಸ್ತಿ ನೋಡಾಕ ಬರತೈತಿ."

"ವಸ್ತಾದರಿಗೆ ತುಪ್ಪ ಒಲ್ಲೆ ಅಂತ ಹೇಳಬಾರದೇನು?"

"ಹೆಂಗ ಹೇಳಲ್ರಿ? ಅವರು ತಮ್ಮ ಪಾಲಿಂದೂ ನನ್ನ ಬಟ್ಟಲಿಗೆ ಸುರೀತಾರ. ಅವರ ಮನಸು ಮುರದು ನಾ ಗೆದ್ದು ಏನ್ ಮಾಡ್ಲಿ?"

ಅವನು ಹೋದ ಮೇಲೆ ನಾನು ಅತ್ತೆಯ ಮುಂದೆ ಎಲ್ಲ ಹೇಳಿದೆ. ಅತ್ತೆ ಒಲೆಯ ಮೇಲಿನ ಬೇಳೆಯ ಗಡಿಗೆಯ ಮುಚ್ಚಳ ತೆಗೆದರು. ತೊಗರಿಬೇಳೆ ಬೆಂದು ಕಟ್ಟು ಹಳದಿಯಾಗಿ ತಿಳಿಯಾಗಿ ನಿಂತಿತ್ತು. ಅದನ್ನು ಸೌಟಿನಿಂದ ಎತ್ತಿ ಬಟ್ಟಲಿಗೆ ಹಾಕಿ, ಮೇಲೆ ಎರಡು ಚಮಚ ತುಪ್ಪ ಬಿಟ್ಟರು. ತುಪ್ಪ ಹರಡಿ ಇಡೀ ಬಟ್ಟಲನ್ನು ಮುಚ್ಚಿತು.

"ಬಾಗಿಲದಾಗ ನಿಂತು ನೋಡು. ಏನು ಕಾಣತೈತಿ?"

"ತುಪ್ಪ ಕಾಣತೈತ್ರಿ."

"ನನ್ನ ಮಗ ಬಾಗಿಲದಾಗ ಕುಂಡ್ರತಾನ. ಆತು ಬಿಡು."

ಅವತ್ತಿನಿಂದ ಶುರು. ಮೊದಲ ದಿನ ಹಮ್ಮಿಗಿಯವನು ಬಟ್ಟಲು ಬಾಯಿಗಿಟ್ಟವನೇ ನನ್ನ ಕಡೆ ನೋಡಿದ. ನಾನು ಗೋಡೆ ನೋಡಿದೆ. ಗಟಗಟ ಕುಡಿದು ಬಟ್ಟಲು ಕೆಳಗಿಟ್ಟ. ನಮ್ಮನೆಯವರು, "ನೋಡು, ಮುಖದ ಮ್ಯಾಲೆ ಹೆಂಗ ಕಳೆ ಬಂತು!" ಅಂದರು. ಕಳೆ ಬಂದದ್ದು ಖರೆ.

ಒಂದು ವಾರ ಎಲ್ಲ ಸರಿಯಾಗಿ ನಡೆಯಿತು. ಎಂಟನೆಯ ದಿನ ಅವನು ಬಟ್ಟಲು ಖಾಲಿ ಮಾಡಿ, ಮೈಮರೆತು, "ಅಕ್ಕಾರ, ಇವತ್ತ ಸ್ವಲ್ಪ ಉಪ್ಪು ಕಡಿಮಿ ಆಗೇತ್ರಿ," ಅಂದುಬಿಟ್ಟ.

ನಮ್ಮನೆಯವರು ತಲೆ ಎತ್ತಿದರು. "ತುಪ್ಪಕ್ಕ ಯಾವ ಉಪ್ಪಲೇ?"

"ರೊಟ್ಟಿಗ್ರಿ! ರೊಟ್ಟಿಗ ಅಂದೆ!"

"ರೊಟ್ಟಿ ಇನ್ನೂ ನೀಡಿಲ್ಲಲ್ಲೋ."

"ನಿನ್ನಿ ರೊಟ್ಟಿಗ್ರಿ," ಅಂದ ಅವನು, ಬೆವರೊರೆಸಿಕೊಂಡು.

ಇನ್ನೊಂದು ಫಜೀತಿ, ಉಳಿದ ತುಪ್ಪದ್ದು. ಗಡಿಗೆ ಖಾಲಿಯಾಗದಿದ್ದರೆ ನಮ್ಮನೆಯವರಿಗೆ ಗೊತ್ತಾಗುತ್ತದೆ. ಹಾಗೆಂದು ಚೆಲ್ಲಲು ನಮಗೆ ಮನಸ್ಸಿಲ್ಲ. ಅತ್ತೆ ಅದನ್ನು ಮಗನ ಊಟಕ್ಕೇ ಸೇರಿಸತೊಡಗಿದರು. ಪಲ್ಯಕ್ಕೆ, ಹುಳಿಗೆ, ಅನ್ನಕ್ಕೆ, ರೊಟ್ಟಿಯ ಎರಡೂ ಮಗ್ಗುಲಿಗೆ. "ಮದುವಿ ಆಗಿ ಇಷ್ಟು ವರ್ಷಕ್ಕ ನಿನಗ ಅಡಗಿ ಕೈ ಕುದುರಿತು ನೋಡು," ಎಂದು ನನ್ನನ್ನು ಹೊಗಳಿದರು ನಮ್ಮನೆಯವರು. ನಾಲ್ಕು ತಿಂಗಳಲ್ಲಿ ಹಮ್ಮಿಗಿಯವನ ಹೊಟ್ಟೆ ಕರಗಿ ಕಲ್ಲಾಯಿತು. ನಮ್ಮನೆಯವರ ಅಂಗಿಯ ಗುಂಡಿ ಎರಡು ಸಲ ಹಾರಿತು.

ಕುಸ್ತಿಯ ದಿನ ನಾನು ಅಡುಗೆಮನೆಯಲ್ಲಿ ಕೂತೇ ಇದ್ದೆ. ಒಲೆ ಹಚ್ಚಲಿಲ್ಲ. ಅವನು ಸೋತರೆ ನನ್ನದೇ ಪಾಪ. ನಮ್ಮನೆಯವರ ಮಾತೇ ಖರೆ ಇದ್ದರೆ, ತುಪ್ಪ ತಪ್ಪಿಸಿ ಒಬ್ಬ ಹುಡುಗನ ಬಾಳು ಹಾಳು ಮಾಡಿದೆನಲ್ಲ ಎಂದು ಕೊರಗುತ್ತಿದ್ದೆ. ಅತ್ತೆ ಜಪಮಣಿ ಹಿಡಿದಿದ್ದರು. ಮಣಿ ಮುಂದೆ ಸರಿಯಲಿಲ್ಲ. ಸಂಜೆ ಓಣಿಯ ತುದಿಯಲ್ಲಿ ಹಲಗೆಯ ಸಪ್ಪಳ ಕೇಳಿತು. ಸೋತವರು ಹಲಗೆ ಬಾರಿಸಿಕೊಂಡು ಬರುವುದಿಲ್ಲ. ನಾನು ಅತ್ತೆಯ ಕೈ ಹಿಡಿದು ಅತ್ತುಬಿಟ್ಟೆ.

ಹಮ್ಮಿಗಿಯವನು ಅರ್ಧ ತಾಸು ಏದುಸಿರು ಬಿಡದೆ ಆಡಿ ಮುಂಡರಗಿಯವನನ್ನು ಚಿತ್ತು ಮಾಡಿದ್ದ. ಅವನ ಅಪ್ಪ ಅಲ್ಲಿಯೇ ರುಮಾಲು ಬಿಚ್ಚಿ ಮಗನ ತಲೆಗೆ ಸುತ್ತಿದನಂತೆ. ನೇಗಿಲಿನ ಮಾತೇ ಎತ್ತಲಿಲ್ಲವಂತೆ.

ನಮ್ಮನೆಯವರು ಕಣದಲ್ಲೇ ನಿಂತು, ನೆರೆದ ವಸ್ತಾದರಿಗೆಲ್ಲ ಗೆಲುವಿನ ಗುಟ್ಟು ಹೇಳಿ ಬಂದಿದ್ದರು. ದಿನಕ್ಕೆ ಮೂರು ಬಟ್ಟಲು ತುಪ್ಪ, ತುಂಬಿದ ಬಟ್ಟಲು, ತಾವೇ ಎದುರು ಕೂತು ಕುಡಿಸಿದ್ದು. ಲಕ್ಷ್ಮೇಶ್ವರ, ಶಿರಹಟ್ಟಿ, ಶಿಗ್ಲಿ, ಮುಂಡರಗಿ, ಎಲ್ಲ ಕಡೆಯ ಪೈಲ್ವಾನರಿಗೂ ಮಾರನೆಯ ದಿನದಿಂದ ಮೂರು ಬಟ್ಟಲು ಶುರುವಾಯಿತು. ಅವರ ಮನೆಗಳಲ್ಲಿ ನಮ್ಮತ್ತಿಯಂಥ ಅತ್ತೆ ಇರಲಿಲ್ಲ. ಒಂದು ವರ್ಷದೊಳಗೆ ಸುತ್ತಲಿನ ಗರಡಿಗಳವರೆಲ್ಲ ಹಲಸಿನ ಹಣ್ಣಿನಂತೆ ಊದಿದರು. ನಮ್ಮವನು ಕಟ್ಟು ಕುಡಿದುಕೊಂಡು ಹೋಗಿ ಒಬ್ಬೊಬ್ಬರನ್ನೇ ಕೆಡವಿ ಬಂದ.

ನಮ್ಮನೆಯವರಿಗೆ ಇದು ಕೊನೆಯ ತನಕ ಒಗಟಾಗಿಯೇ ಉಳಿಯಿತು. ಒಮ್ಮೆ ಊಟ ಮಾಡುತ್ತ ತುಂಬ ವಿಚಾರ ಮಾಡಿ ನನಗೆ ಹೇಳಿದರು:

"ತುಪ್ಪ ಎಲ್ಲಾರಿಗೂ ದಕ್ಕೂದಿಲ್ಲ ಬಿಡು."

ಐವರು ಒಂದಾದದ್ದು

ಕನ್ನಡ ಸೀಮೆಗಳೆಲ್ಲ ಒಂದಾದ ವರ್ಷ. ಮುಂಬಯಿ, ಹೈದರಾಬಾದು, ಮದ್ರಾಸು ಸೀಮೆಯಲ್ಲಿ ಹಂಚಿಹೋಗಿದ್ದ ಕನ್ನಡದ ಊರುಗಳು, ಕೊಡಗು, ಮೈಸೂರು ಎಲ್ಲ ಕೂಡಿ ಒಂದು ರಾಜ್ಯವಾಯಿತು. ಗದಗಿನಲ್ಲಿ ದೊಡ್ಡ ಸಮಾರಂಭ ಇಟ್ಟುಕೊಂಡರು. ಮುಂದಾಳುಗಳು ನಮ್ಮ ಮನೆಗೆ ಬಂದು ಕೇಳಿದರು: ನಿಮ್ಮ ಐವರು ಪೈಲ್ವಾನರು ಐದು ಸೀಮೆಗಳಾಗಿ ವೇದಿಕೆಗೆ ಬರಬೇಕು, ಎಲ್ಲರ ಎದುರು ಒಂದಾಗಿ ಗೋಪುರ ಕಟ್ಟಬೇಕು. ಕೆಳಗೆ ಮೂವರು ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವುದು, ಅವರ ಹೆಗಲ ಮೇಲೆ ಇಬ್ಬರು. ಮೇಲಿನವರು ಬಾವುಟ ಎತ್ತಿದ ಕ್ಷಣಕ್ಕೆ ಒಬ್ಬ ಮಾಸ್ತರರು ಕನ್ನಡ ನಾಡು ಒಂದಾಯಿತು ಎಂದು ಸಾರುವುದು. ಹಾಗೇ ಜನರಿಗೆ ಮೈಕಟ್ಟೂ ಕಾಣುತ್ತದೆ.

ಪೈಲ್ವಾನರು ಹತ್ತು ದಿನ ಹಿತ್ತಲಲ್ಲಿ ಕಲಿತರು. ಗೋಪುರ ಗಟ್ಟಿಯಾಗಿ ನಿಲ್ಲುತ್ತಿತ್ತು. ಯಾವ ಅನುಮಾನವೂ ಇರಲಿಲ್ಲ.

ಸಮಾರಂಭದ ದಿನ ಹೆಣ್ಣುಮಕ್ಕಳಿಗೆ ಒಂದು ಬದಿಗೆ ಜಮಖಾನೆ ಹಾಸಿದ್ದರು. ನಾನೂ ಅತ್ತೆಯೂ ಮುಂದೆಯೇ ಕೂತೆವು. ಇಷ್ಟು ವರ್ಷ ನೀಡಿ ನೀಡಿ ಬೆಳೆಸಿದ ಮೈಗಳು ಬಿಸಿಲಲ್ಲಿ ನಿಂತದ್ದನ್ನು ನೋಡಿದ್ದು ಅದೇ ಮೊದಲು. ಐವರೂ ಬಂದು ಸಾಲಾಗಿ ನಿಂತಾಗ ಜನ ಹೋ ಎಂದರು. ಏನು ಹೊಳಪು! ಕಂಚಿನ ಮೂರ್ತಿಗಳ ಹಾಗೆ ಮಿರಿಮಿರಿ ಮಿಂಚುತ್ತಿದ್ದರು. ಕೊರಳಲ್ಲಿ ಒಂದೊಂದು ಕಾಗದದ ಪಟ್ಟಿ, ಅದರ ಮೇಲೆ ಸೀಮೆಯ ಹೆಸರು. ಹಮ್ಮಿಗಿಯವನು ನಡುವೆ, ಮೈಸೂರು. ಎಡಕ್ಕೆ ಮುಂಬಯಿ, ಬಲಕ್ಕೆ ಹೈದರಾಬಾದು. ಹಿಂದೆ ಮದ್ರಾಸು, ಕೊಡಗು.

ಮಾಸ್ತರರು ಕಾಗದ ಹಿಡಿದು ಗಂಟಲು ಸರಿಮಾಡಿಕೊಂಡರು. ಕೆಳಗಿನ ಮೂವರು ಹೆಗಲು ಕೂಡಿಸಿದರು. ಮದ್ರಾಸು ಏರಿತು, ಕೊಡಗು ಏರಿತು. ಇಬ್ಬರೂ ಮೆಲ್ಲಗೆ ನೆಟ್ಟಗಾಗುತ್ತಿದ್ದರು.

"ಹರಿದು ಹಂಚಿಹೋಗಿದ್ದ ನಮ್ಮ ಕನ್ನಡ ನಾಡು ಇಗೋ ಇಂದು ಒಂದಾ..."

ಮದ್ರಾಸಿನ ಕಾಲು ಸರ್ರನೆ ಜಾರಿತು. ಅವನು ಕೊಡಗನ್ನು ಹಿಡಿದುಕೊಂಡ, ಕೊಡಗು ಮುಂಬಯಿಯ ತಲೆ ಹಿಡಿದುಕೊಂಡಿತು, ಇಬ್ಬರೂ ಹೈದರಾಬಾದಿನ ಮೈಮೇಲಿಂದ ಜಾರುಬಂಡೆಯಿಂದ ಇಳಿದ ಹಾಗೆ ಇಳಿದು ವೇದಿಕೆಯ ಮೇಲೆ ಕೂತರು.

ಮಾಸ್ತರರು ಕನ್ನಡಕ ಸರಿಮಾಡಿಕೊಂಡು, "ಇನ್ನೊಮ್ಮೆ," ಅಂದರು.

ಇನ್ನೊಮ್ಮೆ ಏರಿದರು. ಈ ಸಲ ಕೊಡಗು ಮೊದಲು ಜಾರಿತು. ಹಿಡಿಯಲು ಹೋದ ಮುಂಬಯಿಯ ಕೈಯಿಂದಲೂ ಮೀನಿನ ಹಾಗೆ ನುಣುಚಿಕೊಂಡಿತು. ಅಷ್ಟರಲ್ಲಿ ಕಾಗದದ ಪಟ್ಟಿಗಳೆಲ್ಲ ಜಿಡ್ಡು ಹೀರಿ, ಶಾಯಿ ಕಲೆಸಿ, ಯಾರು ಯಾವ ಸೀಮೆಯೋ ತಿಳಿಯದಂತಾಯಿತು. ಜನ ಮೊದಲು ನಗಬಾರದೆಂದು ತಡೆದುಕೊಂಡಿದ್ದರು. ಮೂರನೆಯ ಸಲ ಐವರೂ ಒಂದೇ ಗುಡ್ಡೆಯಾಗಿ ಬಿದ್ದಾಗ ಯಾರಿಗೂ ತಡೆಯಲಾಗಲಿಲ್ಲ. ಮಾಸ್ತರರು ಕಾಗದ ಮಡಿಚಿ ಕಿಸೆಗೆ ಇಟ್ಟುಕೊಂಡು, "ಮದಲ ನೀವು ನಿಂದರ್ರಿಪಾ, ಆಮ್ಯಾಲೆ ನಾನು ಓದತೀನಿ," ಅಂದರು.

ನಮ್ಮನೆಯವರು ವೇದಿಕೆಯ ಪಕ್ಕದಲ್ಲಿ ತಲೆಯ ಮೇಲೆ ಕೈ ಇಟ್ಟು ನಿಂತಿದ್ದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಕೆಳಗೆ ಕೂತ ಹಮ್ಮಿಗಿಯವನು ಎರಡೂ ಕೈಯಿಂದ ಮೈ ಒರೆಸಿಕೊಳ್ಳುತ್ತಿದ್ದ. ಒರೆಸಿದಷ್ಟೂ ಮಿಂಚುತ್ತಿತ್ತು.

ನಮ್ಮತ್ತಿ ಎದ್ದರು. ಸಮಾರಂಭದ ಊಟಕ್ಕೆಂದು ಹಿಂದಿನ ಚಪ್ಪರದಲ್ಲಿ ಹೆಣ್ಣುಮಕ್ಕಳು ರೊಟ್ಟಿ ಬಡಿಯುತ್ತಿದ್ದರು. ಅಲ್ಲಿಂದ ಒಂದು ಮೊರದ ತುಂಬ ಜೋಳದ ಹಿಟ್ಟು ಎತ್ತಿಕೊಂಡು ಬಂದು, ಯಾರ ಅಪ್ಪಣೆಯನ್ನೂ ಕೇಳದೆ ವೇದಿಕೆ ಏರಿದರು.

"ನಿಂದರ್ರಲೇ ಸಾಲಾಗಿ."

ಐವರೂ ನಿಂತರು. ಅತ್ತೆ ಹಿಡಿ ಹಿಡಿಯಾಗಿ ಹಿಟ್ಟು ತೆಗೆದು ಅವರ ಹೆಗಲಿಗೆ, ಬೆನ್ನಿಗೆ, ಪಾದಕ್ಕೆ ತಟ್ಟಿದರು. ಮಣೆಯ ಮೇಲೆ ರೊಟ್ಟಿ ಹೊರಳಿಸಿದ ಹಾಗೆ ಒಬ್ಬೊಬ್ಬನನ್ನೇ ಹೊರಳಿಸಿ ತಟ್ಟಿದರು. ಕಂಚಿನ ಮೂರ್ತಿಗಳು ಸುಣ್ಣದ ಗೊಂಬೆಗಳಾದವು. "ಹತ್ತರಿ ಈಗ," ಅಂದರು.

ಹತ್ತಿದರು. ಗೋಪುರ ನಿಂತಿತು. ಅಲುಗಲಿಲ್ಲ. ಬಾವುಟ ಮೇಲೇರಿತು. ಮಾಸ್ತರರು ಅವಸರದಲ್ಲಿ ಕಿಸೆಯಿಂದ ಕಾಗದ ತೆಗೆಯುವುದನ್ನೂ ಬಿಟ್ಟು, "ಒಂದಾಯಿತು! ಒಂದಾಯಿತು!" ಎಂದು ಕೂಗಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಗುತ್ತಿದ್ದವರ ಕಣ್ಣಲ್ಲಿ ನೀರು ಬಂದಿತ್ತು, ನನಗೂ ಬಂದಿತ್ತು.

ಸದ್ದು ಇಳಿದ ಮೇಲೆ, ಅಧ್ಯಕ್ಷರು ಕುರ್ಚಿಯಿಂದ ಬಗ್ಗಿ ನಮ್ಮನೆಯವರನ್ನು ಕೇಳಿದರು: "ಎಲ್ಲಾ ಚಲೋ ಆತು ವಸ್ತಾದರ. ಆದರ ಮೈಗೆ ಏನು ಹಚ್ಚಿ ಕರಕೊಂಡು ಬಂದಿದ್ರಿ?"

ನಮ್ಮನೆಯವರು ತಲೆ ತಗ್ಗಿಸಿ ಸಣ್ಣ ದನಿಯಲ್ಲಿ ಹೇಳಿದರು, "ತುಪ್ಪರಿ."

ನಮ್ಮತ್ತಿ ಮೊರ ಜಾಡಿಸುತ್ತ, ಇಡೀ ಸಭೆಗೆ ಕೇಳುವ ಹಾಗೆ ಅಂದರು:

"ಅದಕ್ಕ ನೋಡ್ರಿ, ನಾಡು ಒಂದಾಗಾಕ ಇಷ್ಟು ವರ್ಷ ಹಿಡೀತು."